ನೆಗ್ಗಿದ ತಟ್ಟೆ, ನಾಲ್ಕು ಖರ್ಜೂರ

ಕೇಳಿ ಮಕ್ಕಳೇ. ಕಾಲು ಮಡಚಿ ಕೂತುಕೊಳ್ಳಿ. ನಡುವೆ ಪಿಸುಮಾತು ಬೇಡ. ಸಾಲು ಬಂದಾಗ ನನ್ನ ಜೊತೆ ನೀವೂ ಹೇಳಿ. ಒಂದನ್ನೂ ಬಿಡಬಾರದು. ಬಿಟ್ಟರೆ ಮೊದಲಿಂದ ಹೇಳಬೇಕಾಗುತ್ತದೆ.

ಒಂದು ಊರು. ಊರ ಹೊರಗೆ ಒಂದು ಆಸರೆ ಮನೆ. ಯಾರಿಗೂ ಬೇಡವಾದ ಪ್ರಾಣಿಗಳು ಅಲ್ಲಿದ್ದವು. ಕುಂಟು ಕತ್ತೆ ಇತ್ತು. ಕೊಂಬು ಮುರಿದ ಮೇಕೆ ಇತ್ತು. ಬಾಲವಿಲ್ಲದ ಬೆಕ್ಕು ಇತ್ತು. ಕಣ್ಣು ಕಾಣದ ಮುದಿ ನಾಯಿ ಇತ್ತು. ಆ ನಾಯಿಯ ಹೆಸರು ದಿವಾನ.

ದಿವಾನನಿಗೆ ಒಂದು ತಟ್ಟೆ. ಹಳೇ ತಟ್ಟೆ. ಅಂಚು ನೆಗ್ಗಿದ ತಟ್ಟೆ. ನೆಲಕ್ಕೆ ಇಟ್ಟರೆ ಅದು ‘ಟಣ್’ ಅನ್ನುತ್ತಿರಲಿಲ್ಲ. ‘ಟೊಣಕ್ ಟೊಣಕ್’ ಅನ್ನುತ್ತಿತ್ತು. ಟೊಣಕ್ ಟೊಣಕ್ ಕೇಳಿದರೆ ದಿವಾನ ಬರುತ್ತಿದ್ದ. ಟೊಣಕ್ ಟೊಣಕ್ ಕೇಳಿದರೆ ದಿವಾನ ಉಣ್ಣುತ್ತಿದ್ದ. ಬೇರೆ ತಟ್ಟೆ ಬೇರೆಯವರದು. ಬೇರೆಯವರ ಊಟಕ್ಕೆ ದಿವಾನ ಬಾಯಿ ಹಾಕುವವನಲ್ಲ.

ಆ ಊರಲ್ಲಿ ನೀಲವೇಣಿ ಅಂತ ಒಬ್ಬ ಹುಡುಗಿ. ಎಂಟು ವರ್ಷ. ಎಲ್ಲರೂ ನೀಲಿ ಅನ್ನುತ್ತಿದ್ದರು. ಶನಿವಾರ ಮತ್ತು ಭಾನುವಾರ ನೀಲಿ ಆಸರೆ ಮನೆಗೆ ಕೆಲಸಕ್ಕೆ ಹೋಗುತ್ತಿದ್ದಳು. ಯಾರೂ ಕರೆದಿರಲಿಲ್ಲ. ತಾನಾಗಿಯೇ ಹೋಗುತ್ತಿದ್ದಳು. ಕಸ ಗುಡಿಸುತ್ತಿದ್ದಳು. ನೀರು ತುಂಬುತ್ತಿದ್ದಳು. ತಟ್ಟೆ ತೊಳೆಯುತ್ತಿದ್ದಳು. ದಿವಾನನ ತಟ್ಟೆಯನ್ನೂ ತೊಳೆಯುತ್ತಿದ್ದಳು.

ಆಸರೆ ಮನೆ ನೋಡಿಕೊಳ್ಳುತ್ತಿದ್ದದ್ದು ಸೀತಜ್ಜಿ. ಅಜ್ಜಿಗೆ ಮಂಡಿ ನೋವು ಬಂತು. ಮಗಳ ಮನೆಗೆ ಹೋದಳು. ಅಜ್ಜಿಯ ಜಾಗಕ್ಕೆ ಹೊಸಬರು ಬಂದರು. ಗ್ರೇಸಮ್ಮ ಮೇಡಂ. ಮೊದಲು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಬಿಳಿ ಸೀರೆ. ಕಪ್ಪು ಕೊಡೆ. ನಗು ಕಡಿಮೆ.

ಶನಿವಾರ ಮಧ್ಯಾಹ್ನ ಮೇಡಂ ಬಂದರು. ನೀಲಿಗೆ ಒಂದೇ ಮಾತು ಹೇಳಿದರು.

“ಅಂಗಳ ಗುಡಿಸಮ್ಮ.”

ಅಷ್ಟೇ ಹೇಳಿ ಒಳಗೆ ಹೋದರು. ಇನ್ನೇನೂ ಹೇಳಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ನೀಲಿ ಅಂಗಳ ಗುಡಿಸಿದಳು. ಮೂಲೆಯಲ್ಲಿ ನೆಗ್ಗಿದ ತಟ್ಟೆ ಕಂಡಿತು. ಇಷ್ಟು ಹಳೇ ತಟ್ಟೆ ನೋಡಿದರೆ ಮೇಡಂ ಏನಂದುಕೊಳ್ಳುತ್ತಾರೋ, ಅಂದುಕೊಂಡಳು. ದಿವಾನನಿಗೆ ಹೊಸದು ಸಿಗುತ್ತದಲ್ಲ, ಅಂದುಕೊಂಡಳು. ಅಷ್ಟರಲ್ಲಿ ಬೀದಿಯಲ್ಲಿ ಕೂಗು ಕೇಳಿತು.

“ಹಳೇ ಪಾತ್ರೆಗೆ ಖರ್ಜೂರ. ಹಳೇ ಕಬ್ಬಿಣಕ್ಕೆ ಖರ್ಜೂರ.”

ಗುಜರಿ ಓಬಣ್ಣ ಗಾಡಿ ತಳ್ಳಿಕೊಂಡು ಬಂದಿದ್ದ. ನೀಲಿ ತಟ್ಟೆ ಕೊಟ್ಟಳು. ಓಬಣ್ಣ ಖರ್ಜೂರ ಕೊಟ್ಟ. ಮೂರಲ್ಲ, ಐದಲ್ಲ. ನಾಲ್ಕು. ನಾಲ್ಕನ್ನೂ ನೀಲಿಯೇ ತಿಂದಳು. ಗೇಟಿನ ಹಿಂದೆ ನಿಂತು ತಿಂದಳು.

ಶನಿವಾರ ಸಂಜೆ ಮೇಡಂ ಹೊಸ ತಟ್ಟೆಯಲ್ಲಿ ಅನ್ನ ಇಟ್ಟರು. ಟಣ್. ದಿವಾನ ಬರಲಿಲ್ಲ.

ಭಾನುವಾರ ಬೆಳಿಗ್ಗೆ ಹಾಲನ್ನ ಇಟ್ಟರು. ಟಣ್. ದಿವಾನ ಬರಲಿಲ್ಲ.

ಮೊಟ್ಟೆ ಇಟ್ಟರು. ಟಣ್. ದಿವಾನ ಮುಖ ಆಚೆ ತಿರುಗಿಸಿದ.

“ಮುದಿ ನಾಯಿ,” ಅಂದರು ಮೇಡಂ. “ಊಟ ಬಿಟ್ಟರೆ ಬಹಳ ದಿನ ಉಳಿಯೋದಿಲ್ಲ. ಯಾಕೆ ಉಣ್ಣಲ್ಲ ಇವನು? ನಿಂಗೇನಾದರೂ ಗೊತ್ತಾ, ನೀಲಿ?”

“ಗೊತ್ತಿಲ್ಲ ಮೇಡಂ,” ಅಂದಳು ನೀಲಿ.

ನೀಲಿಗೆ ಗೊತ್ತಿತ್ತು. ಅವಳ ಎಡ ಕಿವಿ ಬಿಸಿಯಾಯಿತು.

ದಡ ದಡ ದಡ ಓಡಿದಳು. ಗುಜರಿ ಓಬಣ್ಣನ ಹತ್ತಿರ ಹೋದಳು.

“ಓಬಣ್ಣ, ಓಬಣ್ಣ, ತಟ್ಟೆ ಕೊಡು. ತಟ್ಟೆ ದಿವಾನನಿಗೆ. ತಟ್ಟೆ ಬಂದರೆ ದಿವಾನ ಉಣ್ಣುತ್ತಾನೆ.”

“ನಿನ್ನೆ ನೀನೇ ತಂದುಕೊಟ್ಟೆಯಲ್ಲ ಮಗಾ,” ಅಂದ ಓಬಣ್ಣ. “ಕೊಡು ಅಂದೋರು ಯಾರು?”

ಯಾರೂ ಅಂದಿರಲಿಲ್ಲ. ನೀಲಿ ಹೇಳಿದಳು, “ಹೊಸ ಮೇಡಂ.”

ಅವಳ ಬಲ ಕಿವಿ ಬಿಸಿಯಾಯಿತು.

“ಬಂದ ದಿನಾನೇ ಹೀಗಾ ಆಯಮ್ಮ?” ಅಂದ ಓಬಣ್ಣ. “ತಟ್ಟೆ ಚೀಲದ ತಳದಲ್ಲಿದೆ. ಚೀಲದ ಬಾಯಿ ಹೊಲಿದಾಯ್ತು. ಬಿಚ್ಚಿದರೆ ಮತ್ತೆ ಹೊಲಿಯಬೇಕು. ಹೊಲಿಯೋಕೆ ದಬ್ಬಣ ಬೇಕು. ನನ್ನ ದಬ್ಬಣ ಮುರಿದುಹೋಯ್ತು. ದಬ್ಬಣ ತಾ. ತಟ್ಟೆ ತಗೊಂಡು ಹೋಗು.”

ದಡ ದಡ ದಡ ಓಡಿದಳು. ಕಾಳಿನ ಮಂಡಿಯಲ್ಲಿ ಗೋಣಿಚೀಲ ಹೊಲಿಯುವ ಹನುಮಕ್ಕನ ಹತ್ತಿರ ಹೋದಳು. ಹನುಮಕ್ಕನ ಕೈಯಲ್ಲಿ ಗೇಣುದ್ದದ ದಬ್ಬಣ.

“ಹನುಮಕ್ಕ, ಹನುಮಕ್ಕ, ದಬ್ಬಣ ಕೊಡು. ದಬ್ಬಣ ಓಬಣ್ಣನಿಗೆ. ಓಬಣ್ಣನ ತಟ್ಟೆ ದಿವಾನನಿಗೆ. ತಟ್ಟೆ ಬಂದರೆ ದಿವಾನ ಉಣ್ಣುತ್ತಾನೆ.”

“ಅಯ್ಯೋ ಕೂಸೇ,” ಅಂದಳು ಹನುಮಕ್ಕ. “ನಾಯಿ ತಟ್ಟೆ ಗುಜರಿಗಾ? ಕೊಡು ಅಂದೋರು ಯಾರು?”

“ಹೊಸ ಮೇಡಂ.”

ಅವಳ ಎಡ ಕೆನ್ನೆ ಬಿಸಿಯಾಯಿತು.

“ಥೂ, ಅವಳ ಮನಸ್ಸು ಕಲ್ಲು,” ಅಂದಳು ಹನುಮಕ್ಕ. ಪಕ್ಕದಲ್ಲಿ ಕೂತ ಮೂರು ಹೆಂಗಸರಿಗೂ ಹೇಳಿದಳು. ಆಮೇಲೆ ಹೇಳಿದಳು, “ದಬ್ಬಣ ಕೊಡ್ತೀನಿ. ಆದರೆ ಬೆಳಿಗ್ಗೆಯಿಂದ ನಾಲಿಗೆ ಒಣಗಿದೆ. ಈ ರಾಶಿ ಬಿಟ್ಟು ಏಳೋ ಹಾಗಿಲ್ಲ. ಒಂದು ಲೋಟ ಟೀ ತಾ. ನಾನು ಟೀ ಕುಡಿಯುವಷ್ಟು ಹೊತ್ತು ದಬ್ಬಣ ನಿಂದು.”

ದಡ ದಡ ದಡ ಓಡಿದಳು. ಟೀ ಅಂಗಡಿ ಬಾಷಣ್ಣನ ಹತ್ತಿರ ಹೋದಳು.

“ಬಾಷಣ್ಣ, ಬಾಷಣ್ಣ, ಟೀ ಕೊಡು. ಟೀ ಹನುಮಕ್ಕನಿಗೆ. ಹನುಮಕ್ಕನ ದಬ್ಬಣ ಓಬಣ್ಣನಿಗೆ. ಓಬಣ್ಣನ ತಟ್ಟೆ ದಿವಾನನಿಗೆ. ತಟ್ಟೆ ಬಂದರೆ ದಿವಾನ ಉಣ್ಣುತ್ತಾನೆ.”

“ಆ ಮುದಿ ನಾಯಿ ತಟ್ಟೇನಾ?” ಅಂದ ಬಾಷಣ್ಣ. “ಕೊಡು ಅಂದೋರು ಯಾರಮ್ಮಾ?”

“ಹೊಸ ಮೇಡಂ.”

ಅವಳ ಬಲ ಕೆನ್ನೆ ಬಿಸಿಯಾಯಿತು.

“ಕೇಳಿದ್ರಾ?” ಅಂದ ಬಾಷಣ್ಣ ಬೆಂಚಿನ ಮೇಲಿದ್ದವರಿಗೆ. “ಹೊಸ ಮೇಡಂ ಕುರುಡು ನಾಯಿ ತಟ್ಟೆ ಗುಜರಿಗೆ ಹಾಕಿಸಿದ್ರಂತೆ.” ಬೆಂಚಿನವರೆಲ್ಲ ತಲೆ ಅಲ್ಲಾಡಿಸಿದರು. ಬಾಷಣ್ಣ ನೀಲಿಗೆ ಖಾಲಿ ಪಾತ್ರೆ ತೋರಿಸಿದ. “ಟೀ ಸೊಪ್ಪು ಇದೆ, ಸಕ್ಕರೆ ಇದೆ, ಒಲೆ ಉರೀತಾ ಇದೆ. ಹಾಲೇ ಬಂದಿಲ್ಲ. ಈರಜ್ಜನ ಹತ್ರ ಹಾಲು ತಾ. ಟೀ ಮಾಡಿಕೊಡ್ತೀನಿ.”

ದಡ ದಡ ದಡ ಓಡಿದಳು. ಎಮ್ಮೆ ಸಾಕಿದ ಈರಜ್ಜನ ಹತ್ತಿರ ಹೋದಳು.

“ಈರಜ್ಜ, ಈರಜ್ಜ, ಹಾಲು ಕೊಡು. ಹಾಲು ಬಾಷಣ್ಣನಿಗೆ. ಬಾಷಣ್ಣನ ಟೀ ಹನುಮಕ್ಕನಿಗೆ. ಹನುಮಕ್ಕನ ದಬ್ಬಣ ಓಬಣ್ಣನಿಗೆ. ಓಬಣ್ಣನ ತಟ್ಟೆ ದಿವಾನನಿಗೆ. ತಟ್ಟೆ ಬಂದರೆ ದಿವಾನ ಉಣ್ಣುತ್ತಾನೆ.”

ಈರಜ್ಜನಿಗೆ ಕಿವಿ ಸ್ವಲ್ಪ ಮಂದ. ನೀಲಿ ಎಲ್ಲವನ್ನೂ ಮತ್ತೆ ಹೇಳಿದಳು. ಈ ಸಲ ಜೋರಾಗಿ ಹೇಳಿದಳು.

“ಕೊಡು ಅಂದೋರು ಯಾರು?” ಅಂದ ಈರಜ್ಜ.

“ಹೊಸ ಮೇಡಂ.”

“ಆಂ?”

“ಹೊಸ ಮೇಡಂ.”

ಎರಡು ಸಲ ಹೇಳಬೇಕಾಯಿತು. ಎರಡನೇ ಸಲ ಇಡೀ ಕೇರಿಗೆ ಕೇಳಿತು. ಅವಳ ಮೂಗು ಬಿಸಿಯಾಯಿತು.

“ಸೀತಜ್ಜಿ ಕಾಲದಲ್ಲಿ ಹೀಗಿರಲಿಲ್ಲ,” ಅಂದ ಈರಜ್ಜ. “ಹಾಲು ಕೊಡೋಣ ತಾಯಿ. ಆದರೆ ಕೊಡೋದು ನಾನಲ್ಲ, ಎಮ್ಮೆ. ತೊಟ್ಟಿ ಒಣಗಿದೆ, ನೋಡು. ನೀರು ಕುಡಿಯದೆ ಎಮ್ಮೆ ಸೊರೆ ಬಿಡಲ್ಲ. ದುರುಗಣ್ಣಂಗೆ ಹೇಳಿ ನೀರು ಬಿಡಿಸು. ಹಾಲು ಕರೆದು ಕೊಡ್ತೀನಿ.”

ದಡ ದಡ ದಡ ಓಡಿದಳು. ಬೀದಿಗಳಿಗೆ ನೀರು ಬಿಡುವ ದುರುಗಣ್ಣನ ಹತ್ತಿರ ಹೋದಳು. ದುರುಗಣ್ಣ ದೊಡ್ಡ ಟ್ಯಾಂಕಿನ ಕೆಳಗೆ ಕೂತಿದ್ದ. ಕೈಯಲ್ಲಿ ಉದ್ದನೆಯ ಕಬ್ಬಿಣದ ಕೀಲಿ.

“ದುರುಗಣ್ಣ, ದುರುಗಣ್ಣ, ನೀರು ಬಿಡು. ನೀರು ಎಮ್ಮೆಗೆ. ಎಮ್ಮೆಯ ಹಾಲು ಬಾಷಣ್ಣನಿಗೆ. ಬಾಷಣ್ಣನ ಟೀ ಹನುಮಕ್ಕನಿಗೆ. ಹನುಮಕ್ಕನ ದಬ್ಬಣ ಓಬಣ್ಣನಿಗೆ. ಓಬಣ್ಣನ ತಟ್ಟೆ ದಿವಾನನಿಗೆ. ತಟ್ಟೆ ಬಂದರೆ ದಿವಾನ ಉಣ್ಣುತ್ತಾನೆ.”

“ಇವತ್ತು ಆ ಬೀದಿ ಪಾಳಿ ಅಲ್ಲ,” ಅಂದ ದುರುಗಣ್ಣ. “ನಾಯಿ ತಟ್ಟೆ ಕೊಡು ಅಂದೋರು ಯಾರು?”

“ಹೊಸ ಮೇಡಂ.”

ಅವಳ ಕುತ್ತಿಗೆ ಬಿಸಿಯಾಯಿತು. ಎಡ ಕಿವಿ ಬಿಸಿ, ಬಲ ಕಿವಿ ಬಿಸಿ, ಎಡ ಕೆನ್ನೆ ಬಿಸಿ, ಬಲ ಕೆನ್ನೆ ಬಿಸಿ, ಮೂಗು ಬಿಸಿ, ಕುತ್ತಿಗೆ ಬಿಸಿ.

ದುರುಗಣ್ಣ ಎದ್ದು ನಿಂತ.

“ತಪ್ಪು ಅವರದು. ಓಡಾಟ ನಿಂದಾ? ಅದು ಸರಿ ಅಲ್ಲ. ಅವರನ್ನೇ ಕರ್ಕೊಂಡು ಬಾ. ಇಲ್ಲಿ ನನ್ನೆದುರು ನಿಂತು ಒಪ್ಪಿಕೊಳ್ಳಲಿ. ಪಾಳಿ ತಪ್ಪಿಸಿ ನೀರು ಬಿಡ್ತೀನಿ. ಇಲ್ಲಾಂದ್ರೆ ನಾಳೆವರೆಗೂ ಈ ಕೀಲಿ ಅಲ್ಲಾಡಲ್ಲ.”

ನಾಳೆವರೆಗೂ ಅಂದರೆ ದಿವಾನನಿಗೆ ಇನ್ನೊಂದು ದಿನ ಉಪವಾಸ.

ಈ ಸಲ ನೀಲಿ ಓಡಲಿಲ್ಲ. ನಡೆದಳು. ಕಾಲು ಎಳೆದು ನಡೆದಳು. ಟೀ ಅಂಗಡಿ ಮುಂದೆ ನಡೆದಳು. ಬೆಂಚಿನವರು ಇನ್ನೂ ಮೇಡಂನ ಬೈಯುತ್ತಿದ್ದರು. ಮಂಡಿ ಮುಂದೆ ನಡೆದಳು. ಹನುಮಕ್ಕ ಇನ್ನೂ ಮೇಡಂನ ಬೈಯುತ್ತಿದ್ದಳು. ನೀಲಿ ತಲೆ ತಗ್ಗಿಸಿ ನಡೆದಳು.

ಆಸರೆ ಮನೆಯ ಅಂಗಳದಲ್ಲಿ ಮೇಡಂ ನೆಲದ ಮೇಲೆ ಕೂತಿದ್ದರು. ಬಿಳಿ ಸೀರೆಗೆ ಮಣ್ಣಾಗಿತ್ತು. ದಿವಾನನ ತಲೆ ಅವರ ಮಡಿಲಲ್ಲಿತ್ತು. ಬೆರಳಿಗೆ ಹಾಲು ಹಚ್ಚಿ ಅವನ ತುಟಿಗೆ ಸವರುತ್ತಿದ್ದರು. ದಿವಾನ ತುಟಿ ಬಿಗಿದುಕೊಂಡಿದ್ದ.

ನೀಲಿ ನಿಂತಳು. ಬಾಯಿ ತೆರೆದಳು. ಮುಚ್ಚಿದಳು. ಮತ್ತೆ ತೆರೆದಳು.

“ಮೇಡಂ, ನೀವು ಬರಬೇಕಂತೆ. ನೀವು ಬಂದರೆ ದುರುಗಣ್ಣ ನೀರು ಬಿಡುತ್ತಾನೆ. ನೀರು ಎಮ್ಮೆಗೆ. ಎಮ್ಮೆಯ ಹಾಲು ಬಾಷಣ್ಣನಿಗೆ. ಬಾಷಣ್ಣನ ಟೀ ಹನುಮಕ್ಕನಿಗೆ. ಹನುಮಕ್ಕನ ದಬ್ಬಣ ಓಬಣ್ಣನಿಗೆ. ಓಬಣ್ಣನ ತಟ್ಟೆ ದಿವಾನನಿಗೆ. ತಟ್ಟೆ ಬಂದರೆ ದಿವಾನ ಉಣ್ಣುತ್ತಾನೆ.”

“ಯಾವ ತಟ್ಟೆ?” ಅಂದರು ಮೇಡಂ.

“ದಿವಾನನ ತಟ್ಟೆ. ನೆಗ್ಗಿದ್ದು. ಗುಜರಿಗೆ ಹೋಯಿತು.”

“ಕೊಡು ಅಂದೋರು ಯಾರು?”

ಅದೇ ಪ್ರಶ್ನೆ. ಆದರೆ ಈ ಸಲ ಉತ್ತರ ಎದುರಿಗೇ ಕೂತಿತ್ತು. ಮಣ್ಣಾದ ಸೀರೆ ಉಟ್ಟು ಕೂತಿತ್ತು.

“ಯಾರೂ ಅಲ್ಲ,” ಅಂದಳು ನೀಲಿ. “ಕೊಟ್ಟವಳು ನಾನು. ಖರ್ಜೂರ ತಿಂದವಳು ನಾನು. ನಿಮ್ಮ ಹೆಸರು ಹೇಳಿದವಳೂ ನಾನು.”

ಮೇಡಂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಎಷ್ಟು ಜನಕ್ಕೆ ಹೇಳಿದೆ?”

ನೀಲಿ ಬೆರಳು ಮಡಚಿದಳು. ಓಬಣ್ಣ. ಹನುಮಕ್ಕ. ಬಾಷಣ್ಣ. ಈರಜ್ಜ. ದುರುಗಣ್ಣ.

“ಐದು.”

“ಐದು ಜನಕ್ಕೂ ನೀನೇ ಹೇಳಬೇಕು. ನಾನು ಜೊತೆಗೆ ಬರ್ತೀನಿ. ಮಾತು ಮಾತ್ರ ನಾನು ಆಡಲ್ಲ.”

ಮೇಡಂ ಕಪ್ಪು ಕೊಡೆ ಬಿಚ್ಚಿದರು. ಅರ್ಧ ನೆರಳು ನೀಲಿಗೆ ಕೊಟ್ಟರು. ಇಬ್ಬರೂ ಹೊರಟರು.

ದುರುಗಣ್ಣನ ಹತ್ತಿರ ಬಂದರು.

“ಏನ್ ಮೇಡಂ,” ಅಂದ ದುರುಗಣ್ಣ. “ಕಣ್ಣಿಲ್ಲದ ನಾಯಿ ತಟ್ಟೇನೇ ಬೇಕಾಗಿತ್ತಾ ನಿಮಗೆ?”

ಮೇಡಂ ಮಾತಾಡಲಿಲ್ಲ. ಕೊಡೆ ಹಿಡಿದು ನಿಂತರು. ಆ ಮಾತು ಮೇಡಂಗೆ ಬಿತ್ತು. ನೋವು ನೀಲಿಗೆ ಆಯಿತು.

“ದುರುಗಣ್ಣ, ಮೇಡಂ ಹೇಳಿರಲಿಲ್ಲ. ಕೊಟ್ಟವಳು ನಾನು. ಖರ್ಜೂರ ತಿಂದವಳು ನಾನು. ಸುಳ್ಳು ಹೇಳಿದವಳೂ ನಾನು.”

ದುರುಗಣ್ಣ ನೀಲಿಯನ್ನು ನೋಡಿದ. ಮೇಡಂನ ನೋಡಿದ. ತನ್ನ ಕಾಲು ನೋಡಿಕೊಂಡ. “ನನ್ನದು ತಪ್ಪಾಯ್ತು ಮೇಡಂ,” ಅಂದ. ಕೀಲಿ ತಿರುಗಿಸಿದ. ನೀರು ಸುರ್ ಅಂತ ಹರಿಯಿತು.

ನೀರು ತೊಟ್ಟಿಗೆ ಬಿತ್ತು. ಎಮ್ಮೆ ನೀರು ಕುಡಿಯಿತು. ಗೊಟಕ್ ಗೊಟಕ್ ಕುಡಿಯಿತು.

“ಈರಜ್ಜ, ಮೇಡಂ ಹೇಳಿರಲಿಲ್ಲ. ಕೊಟ್ಟವಳು ನಾನು. ಖರ್ಜೂರ ತಿಂದವಳು ನಾನು. ಸುಳ್ಳು ಹೇಳಿದವಳೂ ನಾನು.”

“ಆಂ?” ಅಂದ ಈರಜ್ಜ.

ಮತ್ತೆ ಹೇಳಬೇಕಾಯಿತು. ಜೋರಾಗಿ ಹೇಳಬೇಕಾಯಿತು. ಇಡೀ ಕೇರಿಗೆ ಕೇಳುವ ಹಾಗೆ ಹೇಳಬೇಕಾಯಿತು. ಹೇಳಿದಳು. ಬಾಗಿಲು ಬಾಗಿಲಲ್ಲಿ ಮುಖಗಳು ಕಂಡವು.

ಈರಜ್ಜ ಚೊಂಬು ತೊಳೆದ. ಹಾಲು ಕರೆದ. ಚೊಂಬು ಕೊಟ್ಟ.

ಹಾಲು ಬಾಷಣ್ಣನಿಗೆ ಬಂತು.

“ಬಾಷಣ್ಣ, ಮೇಡಂ ಹೇಳಿರಲಿಲ್ಲ. ಕೊಟ್ಟವಳು ನಾನು. ಖರ್ಜೂರ ತಿಂದವಳು ನಾನು. ಸುಳ್ಳು ಹೇಳಿದವಳೂ ನಾನು.”

ಬೆಂಚಿನವರು ಸರಿದು ಕೂತರು. ಒಬ್ಬ ಎದ್ದು ಮೇಡಂಗೆ ಜಾಗ ಬಿಟ್ಟ. ಮೇಡಂ ಕೂರಲಿಲ್ಲ.

“ನೀನು ಹೇಳಿದಾಗಿನಿಂದ ಹನ್ನೊಂದು ಜನಕ್ಕೆ ಹೇಳಿಬಿಟ್ಟಿದೀನಿ,” ಅಂದ ಬಾಷಣ್ಣ. “ಹಾಲೇ ಇಲ್ಲ, ಟೀನೂ ಇಲ್ಲ, ಬಂದೋರಿಗೆಲ್ಲ ಇದೊಂದೇ ಕೊಟ್ಟಿದ್ದು. ಇನ್ನು ಅವರನ್ನೆಲ್ಲ ಕಾದು ಕೂತು ಹೇಳಬೇಕು.” ಟೀ ಕಾಯಿಸಿದ. ಲೋಟ ತುಂಬಿದ.

ಟೀ ಹನುಮಕ್ಕನಿಗೆ ಬಂತು.

“ಹನುಮಕ್ಕ, ಮೇಡಂ ಹೇಳಿರಲಿಲ್ಲ. ಕೊಟ್ಟವಳು ನಾನು. ಖರ್ಜೂರ ತಿಂದವಳು ನಾನು. ಸುಳ್ಳು ಹೇಳಿದವಳೂ ನಾನು.”

“ಎಲಾ ಇವಳ,” ಅಂದಳು ಹನುಮಕ್ಕ. “ನನ್ನ ಬಾಯಲ್ಲಿ ಕಲ್ಲು ಅನ್ನಿಸಿಬಿಟ್ಟೆಯಲ್ಲೇ. ನಾನು ಈ ಮೂರು ಜನಕ್ಕೆ ಬೇರೆ ಹೇಳಿದೀನಿ. ಅವರಿಗೂ ಹೇಳು. ಒಬ್ಬೊಬ್ಬರಿಗೂ ಹೇಳು.”

ನೀಲಿ ಒಬ್ಬೊಬ್ಬರಿಗೂ ಹೇಳಿದಳು. ಮೂರು ಸಲ ಹೇಳಿದಳು. ಅಷ್ಟು ಹೊತ್ತಿಗೆ ಹನುಮಕ್ಕ ಎರಡು ಗುಟುಕು ಟೀ ಕುಡಿದಿದ್ದಳು. ದಬ್ಬಣ ಕೊಟ್ಟಳು.

ದಬ್ಬಣ ಓಬಣ್ಣನಿಗೆ ಬಂತು.

“ಓಬಣ್ಣ, ಕೊಡು ಅಂತ ಮೇಡಂ ಹೇಳಿರಲಿಲ್ಲ. ನಾನೇ ಕೊಟ್ಟೆ. ಸುಳ್ಳು ಹೇಳಿದೆ.”

ಓಬಣ್ಣ ಚೀಲದ ಹೊಲಿಗೆ ಬಿಚ್ಚಿದ. ಕೈ ತೂರಿಸಿದ. ಡಬ್ಬ ತೆಗೆದ. ಸೌಟು ತೆಗೆದ. ಸೈಕಲ್ ಚೈನು ತೆಗೆದ. ಕೊನೆಗೆ ತಟ್ಟೆ ತೆಗೆದ. ನೆಲಕ್ಕಿಟ್ಟ. ಟೊಣಕ್ ಟೊಣಕ್.

“ಒಂದು ಮಾತು ಕೇಳ್ತೀನಿ ಮಗಾ,” ಅಂದ. “ಖರ್ಜೂರ ರುಚಿಯಾಗಿತ್ತಾ?”

ನೀಲಿ ತಟ್ಟೆಯನ್ನು ಎದೆಗೆ ಒತ್ತಿಕೊಂಡಳು. ಮೇಡಂ ಪಕ್ಕದಲ್ಲೇ ನಿಂತಿದ್ದರು. ಸುಳ್ಳು ಹೇಳುವುದು ಸುಲಭವಿತ್ತು.

“ಆಗಿತ್ತು,” ಅಂದಳು.

ಐದು ಜನರ ಹತ್ತಿರ ಆಡಿದ ಮಾತಿಗಿಂತ ಆ ಒಂದು ಮಾತು ಕಷ್ಟವಾಯಿತು. ಓಬಣ್ಣ ನಗಲಿಲ್ಲ. ಚೀಲ ಹೊಲಿದ. ದಬ್ಬಣವನ್ನು ಹನುಮಕ್ಕನಿಗೆ ಕೊಟ್ಟುಬಾ ಅಂದ. ನೀಲಿ ಕೊಟ್ಟು ಬಂದಳು.

ದುರುಗಣ್ಣ ನೀರು ಬಿಟ್ಟ. ನೀರು ಕುಡಿದು ಎಮ್ಮೆ ಹಾಲು ಕೊಟ್ಟಿತು. ಹಾಲಿನಿಂದ ಬಾಷಣ್ಣ ಟೀ ಕೊಟ್ಟ. ಟೀ ಕುಡಿದು ಹನುಮಕ್ಕ ದಬ್ಬಣ ಕೊಟ್ಟಳು. ದಬ್ಬಣ ಪಡೆದು ಓಬಣ್ಣ ತಟ್ಟೆ ಕೊಟ್ಟ. ತಟ್ಟೆ ಆಸರೆ ಮನೆಗೆ ಬಂತು.

ನೀಲಿ ತಟ್ಟೆ ತೊಳೆದಳು. ಮೇಡಂ ಅನ್ನ ಕಲಸಿದರು. ನೀಲಿ ನೆಲಕ್ಕಿಟ್ಟಳು.

ಟೊಣಕ್ ಟೊಣಕ್.

ದಿವಾನನ ಕಿವಿ ಎದ್ದಿತು. ದಿವಾನ ಎದ್ದ. ಒಂದು ಹೆಜ್ಜೆ ಇಟ್ಟ. ನಿಂತ. ಇನ್ನೊಂದು ಹೆಜ್ಜೆ ಇಟ್ಟ. ಮೂಗಿನಿಂದ ನೆಗ್ಗನ್ನು ಮುಟ್ಟಿ ನೋಡಿದ. ಇದು ತನ್ನದು. ಇದು ಬೇರೆಯವರದಲ್ಲ.

ದಿವಾನ ಉಂಡ.

ಮೇಡಂ ನೋಡುತ್ತಾ ನಿಂತಿದ್ದರು. “ಮುಂದಿನ ಶನಿವಾರ ಬರ್ತೀಯಾ?” ಅಂದರು.

“ಬರಬಹುದಾ ಮೇಡಂ?” ಅಂದಳು ನೀಲಿ.

“ಕೆಲಸ ಇದೆಯಲ್ಲ,” ಅಂದರು ಮೇಡಂ. ಒಳಗೆ ಹೋದರು.

ಅಂಗಳದಲ್ಲಿ ನೀಲಿ ಮತ್ತು ದಿವಾನ ಇಬ್ಬರೇ ಉಳಿದರು. ದಿವಾನ ತಿರುಗಿ ನೀಲಿಯ ಕೈ ನೆಕ್ಕಿದ. ಎಂದಿನ ಹಾಗೇ ನೆಕ್ಕಿದ. ಪಾಪ, ಅವನಿಗೆ ಏನೂ ಗೊತ್ತಿರಲಿಲ್ಲ. ಊರಿಗೆಲ್ಲ ಗೊತ್ತಾಗಿತ್ತು. ಅವನೊಬ್ಬನಿಗೆ ಯಾರೂ ಹೇಳಿರಲಿಲ್ಲ.

ನೀಲಿ ಅವನ ಪಕ್ಕದಲ್ಲಿ ಕೂತಳು. ಅವನ ಕಿವಿ ಎತ್ತಿದಳು. ಮೆಲ್ಲಗೆ ಹೇಳಿದಳು.

“ದಿವಾನ, ಕೊಟ್ಟವಳು ನಾನು. ಖರ್ಜೂರ ತಿಂದವಳು ನಾನು.”

ದಿವಾನ ಕೇಳಿದ. ಕೇಳಿ, ತಟ್ಟೆಯಲ್ಲಿ ಉಳಿದ ಎರಡು ಅಗುಳನ್ನೂ ನೆಕ್ಕಿದ.

ತಟ್ಟೆ ಖಾಲಿಯಾಯಿತು. ನನ್ನ ಕತೆಯೂ ಖಾಲಿಯಾಯಿತು.